ಮೊದಲು ಅವರ ಭತ್ತ ಒಣಗಲಿ

ಸೋಮವಾರದಿಂದ ಶನಿವಾರದವರೆಗೆ ನಾನು ಮಸ್ಕಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವವನು. ಭಾನುವಾರ ಮಾತ್ರ ಉಪದೇಶಿ. ನಮ್ಮ ಪಾದ್ರಿಗಳು ಇರುವುದು ಲಿಂಗಸುಗೂರಿನಲ್ಲಿ. ಎಲ್ಲ ಹಳ್ಳಿಗಳನ್ನೂ ಅವರೊಬ್ಬರೇ ಸುತ್ತಲಾಗದೆ ಎರಡು ಸಣ್ಣ ಕೂಟಗಳನ್ನು ನನ್ನ ಹೆಗಲಿಗೆ ಹಾಕಿದ್ದರು. ಬೆಳಿಗ್ಗೆ ಸಿಂಧನೂರು ತಾಲ್ಲೂಕಿನ ಸಾಲಗುಂದದ ಹತ್ತಿರ, ಆಂಧ್ರದ ಕಡೆಯವರು ಬಂದು ನೆಲೆಸಿದ ಒಂದು ಕ್ಯಾಂಪಿಗೆ ಹೋಗಬೇಕು. ಅಲ್ಲಿ ಕಾಲುವೆ ನೀರು, ಕಣ್ಣು ಹಾಯುವಷ್ಟು ದೂರ ಭತ್ತ. ಮಧ್ಯಾಹ್ನ ಹಿಂದಿರುಗಿ ಮನೆಯಲ್ಲಿ ಉಂಡು, ಇಳಿಹೊತ್ತಿಗೆ ಸಂತೆಕಲ್ಲೂರಿನ ಕಡೆ ಹೊರಡಬೇಕು. ಅಲ್ಲಿ ಕರಿ ಮಣ್ಣು, ಬಿಳಿಜೋಳ, ಕಡಲೆ. ಮಳೆ ಬಂದರೆ ಬೆಳೆ.

ವಾರವೆಲ್ಲ ನನ್ನನ್ನು 'ಮೋಟಾರು ಅಣ್ಣ' ಎಂದು ಕೂಗುವವರೇ ಭಾನುವಾರ 'ಅಯ್ಯನೋರ' ಎನ್ನುತ್ತಿದ್ದರು. ಮೊದಮೊದಲು ಮುಜುಗರವಾಗುತ್ತಿತ್ತು. ಆಮೇಲೆ ಹಿತವಾಗತೊಡಗಿತು. ಅದಕ್ಕೊಂದು ಕಾರಣವಿತ್ತು. ನಾನು ಪ್ರಾರ್ಥನೆಯನ್ನು ಚೆಂದ ಮಾಡುತ್ತಿದ್ದೆ. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಒಂದು ಕ್ಷಣ ನಿಲ್ಲಬೇಕು, ಯಾವ ಮಾತಿಗೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ ಎಂಬುದು ನನಗೆ ತಿಳಿದುಹೋಗಿತ್ತು. ಮನೆ ಕಟ್ಟಿದವರು, ಹೊಸ ಟ್ರ್ಯಾಕ್ಟರ್ ತಂದವರು, ಮಗಳ ಮದುವೆ ಗೊತ್ತುಮಾಡಿದವರು ನನ್ನನ್ನು ಕರೆಸುತ್ತಿದ್ದರು. ಕಣ್ಣು ಮುಚ್ಚಿ ದೇವರ ಜೊತೆ ಮಾತಾಡುವಾಗಲೂ ನನ್ನ ಒಂದು ಕಿವಿ ಮಾತ್ರ ಸುತ್ತಲಿನವರ ಕಡೆಗೇ ಇರುತ್ತಿತ್ತು. ಇದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು, ನವೆಂಬರ್ ತಿಂಗಳು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಮಳೆಯಾಗಬಹುದು ಎಂದು ಎಲ್ಲರ ಫೋನಿಗೂ ಸುದ್ದಿ ಬಂದಿತ್ತು. ಆ ಭಾನುವಾರ ನಾನು ಕ್ಯಾಂಪಿಗೆ ಹೋಗುವಾಗ ರಸ್ತೆಯ ಅರ್ಧಭಾಗದಲ್ಲಿ ಭತ್ತ ಹರವಿದ್ದರು. ಮಷೀನಿನಿಂದ ಕೊಯ್ದ ಹಸಿ ಭತ್ತ. ಹೆಂಗಸರು ಬರಿಗಾಲಲ್ಲಿ ಅದರ ಮೇಲೆ ಗೆರೆ ಎಳೆಯುತ್ತ ನಡೆಯುತ್ತಿದ್ದರು. ಹಾಗೆ ಕಾಲಾಡಿಸಿದರೆ ಬೇಗ ಒಣಗುತ್ತದೆ. ಎಲ್ಲರ ಕಣ್ಣೂ ಆಕಾಶದ ಮೇಲೆ. ಮೂಡಣ ದಿಕ್ಕು ಬೂದಿಬಣ್ಣಕ್ಕೆ ತಿರುಗಿತ್ತು.

ಕ್ಯಾಂಪಿನ ಕೂಟಕ್ಕೆ ಹಿರಿಯರೊಬ್ಬರಿದ್ದರು. ಸಣ್ಣವರಿದ್ದಾಗಲೇ ತಂದೆಯ ಜೊತೆ ಆಂಧ್ರದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಅವರ ಕನ್ನಡದ ನಡುವೆ ಈಗಲೂ ತೆಲುಗು ಇಣುಕುತ್ತದೆ. ಪ್ರಾರ್ಥನಾ ಮಂದಿರದ ಮೇಲಿನ ತಗಡು ಅವರದು, ಫ್ಯಾನುಗಳು ಅವರವು. ಆ ವರ್ಷ ಕಾಂಪೌಂಡ್ ಗೋಡೆಯನ್ನೂ ಕಟ್ಟಿಸಿಕೊಡುತ್ತೇನೆ ಎಂದಿದ್ದರು. ಕೂಟ ಶುರುವಾಗುವ ಮುಂಚೆ ನನ್ನನ್ನು ಬಾಗಿಲಲ್ಲೇ ತಡೆದರು.

"ಅಯ್ಯನೋರ, ಇವತ್ತು ಉಪದೇಶ ಸಣ್ಣದಿರಲಿ, ಪ್ರಾರ್ಥನಾ ದೊಡ್ಡದಿರಲಿ. ಎಂಟು ದಿನ. ಎಂಟೇ ದಿನ ಮಳಿ ಬ್ಯಾಡ ಅಂತ ಕೇಳ್ರಿ. ನೆಲ್ಲು ಒಂದು ಒಣಗಿಬಿಟ್ರ ಸಾಕು. ನೀವು ಕೇಳಿದ್ರ ದೇವರು ಇಲ್ಲ ಅನ್ನಂಗಿಲ್ಲ."

ಕೊನೆಯ ಮಾತು ನನ್ನನ್ನು ಎರಡು ಅಂಗುಲ ಎತ್ತರ ಮಾಡಿತು. ಅಂದು ನಾನು ಮಾಡಿದ ಪ್ರಾರ್ಥನೆ ನನ್ನ ಜೀವನದಲ್ಲೇ ಚೆಂದದ್ದಿರಬೇಕು. ತಂದೆಯೇ, ಮೋಡದ ಬಾಗಿಲಿಗೆ ನಿನ್ನ ಅಂಗೈ ಅಡ್ಡ ಹಿಡಿ ಎಂದೆ. ಬೆವರು ಸುರಿಸಿದವರ ಅನ್ನ ನೀರುಪಾಲಾಗದಿರಲಿ ಎಂದೆ. ಮಳೆಯ ಕಾಲುಗಳನ್ನು ಕಟ್ಟಿಹಾಕು ಎಂದೆ. 'ಆಮೆನ್' ಹೇಳುವಾಗ ತಗಡು ಗುಂಯ್‌ಗುಟ್ಟಿತು. ಹಿರಿಯರು ನನ್ನ ಎರಡೂ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಬೈಕು ಹತ್ತುವಾಗ ನನಗೆ ಗೋಡೆಯ ನೆನಪು ಬಂದದ್ದೂ ನಿಜ.

ಮಸ್ಕಿಗೆ ಬಂದು ಊಟಕ್ಕೆ ಕೂತೆ. ಹೆಂಡತಿ ರೊಟ್ಟಿ ಬಡಿಸುತ್ತ ಹೇಳಿದಳು: "ಸಂತೆಕಲ್ಲೂರಿನವರು ಫೋನ್ ಮಾಡಿದ್ರು. ಇವತ್ತು ಮಳಿಗೆ ಪ್ರಾರ್ಥನಾ ಮಾಡಬೇಕಂತ. ಮುಂಜಾನಿಂದ ಎಲ್ಲಾರೂ ಉಪಾಸ ಅದಾರಂತ."

ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಯಾಕ, ಖಾರ ಆತೇನು?" ಎಂದಳು.

"ಇಲ್ಲ" ಎಂದೆ. ಬೆಳಿಗ್ಗೆ ಏನು ಬೇಡಿಕೊಂಡೆ ಎಂದು ಅವಳಿಗೆ ಹೇಳಲಿಲ್ಲ.

ಸಂತೆಕಲ್ಲೂರಿನ ಕೂಟ ನಡೆಯುವುದು ಒಬ್ಬರ ಮನೆಯ ಅಂಗಳದಲ್ಲಿ. ಗುಡಿ ಇಲ್ಲ, ತಗಡೂ ಇಲ್ಲ. ಇಪ್ಪತ್ತು ಇಪ್ಪತ್ತೈದು ಜನ. ಹೋಗುವ ದಾರಿಯಲ್ಲಿ ಎರಡೂ ಕಡೆ ಜೋಳ ನೋಡಿದೆ. ಮೊಣಕಾಲೆತ್ತರ ಬಂದು ನಿಂತುಬಿಟ್ಟಿತ್ತು. ಗರಿಗಳು ನೀರಿಲ್ಲದೆ ಸುರುಳಿ ಸುತ್ತಿಕೊಂಡಿದ್ದವು. ನೆಲ ಬಿರಿದು, ಬಿರುಕಿನಲ್ಲಿ ಅಂಗೈ ಇಳಿಯುವಂತಿತ್ತು. ಹಿಂಗಾರಿನ ಜೋಳಕ್ಕೆ ಹೆಚ್ಚೇನೂ ಬೇಕಿಲ್ಲ. ಆ ಹೊತ್ತಿಗೆ ಸರಿಯಾಗಿ ಒಂದು ಹದ ಮಳೆ ಬಿದ್ದರೆ ಉಳಿದದ್ದನ್ನು ಇಬ್ಬನಿಯೇ ನೋಡಿಕೊಳ್ಳುತ್ತದೆ. ಆ ಒಂದು ಮಳೆ ಬಂದಿರಲಿಲ್ಲ. ಈಗ ಮೂಡಣದಲ್ಲಿ ಮೋಡ ಕಂಡು ಎಲ್ಲರ ಮುಖದಲ್ಲೂ ಆಸೆ.

ಹಾಡು ಮುಗಿಯಿತು. ನಾನು ಎದ್ದು ನಿಂತೆ. ಕಣ್ಣು ಮುಚ್ಚಿ "ತಂದೆಯೇ" ಎಂದೆ. ಮುಂದೆ ಮಾತು ಹೊರಡಲಿಲ್ಲ. ಬೆಳಿಗ್ಗೆ ಕಟ್ಟಿಹಾಕು ಎಂದು ಬೇಡಿದ ಮಳೆಯ ಕಾಲುಗಳನ್ನು ಈಗ ಬಿಚ್ಚು ಎನ್ನಲು ನಾಲಿಗೆ ಏಳಲಿಲ್ಲ. ಇನ್ನೊಮ್ಮೆ "ತಂದೆಯೇ" ಎಂದೆ. ಅಂಗಳದಲ್ಲಿ ಯಾರದೋ ಬಳೆ ಸದ್ದು, ಆಚೆ ಒಂದು ಎತ್ತಿನ ಗಂಟೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ.

"ಯಾಕ ತಮ್ಮಾ, ಎದಿ ಗಿದಿ ನೋಯಾಕತ್ತೈತೇನು?"

ಕೇಳಿದವರು ದೊಡ್ಡವ್ವ. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಅರವತ್ತು ದಾಟಿದ, ಗಂಡ ತೀರಿಕೊಂಡ ಹೆಂಗಸು. ಹಳ್ಳದ ಆಚೆ ಎರಡು ಎಕರೆ ಹೊಲವಿತ್ತು. ಕೂಟದಲ್ಲಿ ಅವರು ಎಂದೂ ಬಾಯಿಬಿಟ್ಟು ಪ್ರಾರ್ಥಿಸಿದವರಲ್ಲ. ಹಿಂದೆ ಗೋಡೆಗೆ ಒರಗಿ ಕೂತು, ಎಲ್ಲರ 'ಆಮೆನ್' ಮುಗಿದ ಮೇಲೆ ತಮ್ಮದೊಂದು 'ಆಮೆನ್' ಹೇಳುವವರು.

ನಾನು ಕಣ್ಣು ತೆರೆದೆ. ಸುಳ್ಳು ಹೇಳಬಹುದಿತ್ತು. ಉಪವಾಸದಿಂದ ಬಾಡಿದ ಆ ಮುಖಗಳ ಮುಂದೆ, ಹೊಟ್ಟೆತುಂಬ ಉಂಡು ಬಂದವನಿಗೆ ಸುಳ್ಳು ಹೇಳಲಾಗಲಿಲ್ಲ. ಬೆಳಿಗ್ಗೆ ಕ್ಯಾಂಪಿನಲ್ಲಿ ಎಂಟು ದಿನ ಮಳೆ ಬೇಡ ಎಂದು ಬೇಡಿಕೊಂಡು ಬಂದದ್ದನ್ನು ಹೇಳಿಬಿಟ್ಟೆ. "ಈಗ ಏನು ಬೇಡ್ಬೇಕು ತಿಳಿಯವಲ್ದು" ಎಂದೆ.

ಯಾರೋ ನಕ್ಕರು. "ಹಂಗಾರ ದೇವರು ಮುಂಜಾನಿ ಮಾತು ಕೇಳ್ತಾನೋ, ಸಂಜಿ ಮಾತು ಕೇಳ್ತಾನೋ?" ಎಂದು ಒಬ್ಬ ಗಂಡಸು ಕೇಳಿದ. ಇನ್ನೊಬ್ಬ, "ತಗಡಿನ ಮಂದಿರದ ಮಾತು ಮೊದಲು ಮುಟ್ಟತೈತಿ ಬಿಡು" ಎಂದ. ಅದು ನೆಟ್ಟಗೆ ನನ್ನ ಎದೆಗೆ ಬಂದು ತಾಗಿತು.

ದೊಡ್ಡವ್ವ ಮಾತ್ರ ನಗಲಿಲ್ಲ. "ಎಷ್ಟು ದಿನ ಬೇಕಂತ ಅವರಿಗೆ?" ಎಂದು ಕೇಳಿದರು.

"ಎಂಟು ದಿನ, ದೊಡ್ಡವ್ವ."

"ನೆಲ್ಲು ಕೊಯ್ದು ಹಾಕ್ಯಾರೇನು?"

"ಕೊಯ್ದಾರ. ರಸ್ತಾದಾಗ ಹರವ್ಯಾರ."

ಅವರು ಗೋಡೆ ಹಿಡಿದು ಎದ್ದು ನಿಂತರು. ಅವರು ಕೂಟದಲ್ಲಿ ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿಂತ ಬೆಳಿ ತಡಕೊಂತೈತಿ. ಕೊಯ್ದಿದ್ದು ತಡಕೊಳ್ಳಂಗಿಲ್ಲ. ಒಂದು ಸಲ ತೊಯ್ತು ಅಂದ್ರ ಮೊಳಕಿ ಬಂದು ಹೋತು. ನಾನು ಹರೇದಾಗ ಲಾರ್ಯಾಗ ಕುಂತು ಅವರ ಹೊಲಕ್ಕ ನಾಟಿ ಹಚ್ಚಾಕ ಹೋಗೀನಿ. ಆ ಮಂದಿ ಕಾಲು ನೀರಾಗ ಕೊಳೀತಾವು. ಮೊದಲು ಅವರದು ಒಣಗಲಿ."

ತಕ್ಷಣ ಒಂದು ಎಳೆಯ ದನಿ ಎದ್ದಿತು. ಪಕ್ಕದ ಮನೆಯ ಸೊಸೆ, ಇಪ್ಪತ್ತೆರಡು ಇಪ್ಪತ್ಮೂರರ ಹೆಣ್ಣುಮಗಳು. ಮದುವೆಯಾಗಿ ಬಂದ ಮೇಲೆ ಅವಳೇ ಹೊಲ ನೋಡಿಕೊಳ್ಳುತ್ತಿದ್ದಳು.

"ದೊಡ್ಡವ್ವ, ನಿನ್ನ ಹೊಲ ನಿಂದು. ನನ್ನ ಜ್ವಾಳದ ಮ್ಯಾಲ ನೀ ಯಾಕ ಮಾತು ಕೊಡ್ತಿ? ನಾನು ಮುಂಜಾನಿಂದ ನೀರು ಸೈತ ಕುಡಿದಿಲ್ಲ. ಕಾಲುವಿ ನೀರು ಇದ್ದವರಿಗೆ ಮಳಿನೂ ಅವರು ಹೇಳಿದಂಗ ಬರಬೇಕೇನು?"

ಅವಳ ಕಣ್ಣಲ್ಲಿ ನೀರಿತ್ತು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ದೊಡ್ಡವ್ವನ ಕಡೆ ನೋಡಿದೆ. ಬೈಯುತ್ತಾರೆ, ಇಲ್ಲವೇ ಬುದ್ಧಿ ಹೇಳುತ್ತಾರೆ ಎಂದುಕೊಂಡೆ.

"ಖರೇ ಐತಿ ಮಗಳ," ಎಂದರು ಅವರು. "ನಿನ್ನ ಹೊಲದ ಮಾತು ನಾ ಆಡಬಾರದಿತ್ತು. ನೀ ಮಳಿ ಬೇಡು. ನಾನು ನನ್ನ ಹೊಲದ ಪಾಲಿಂದಷ್ಟ ಬಿಟ್ಟು ಕೊಡ್ತೀನಿ."

ಆಮೇಲೆ ಕೈ ಕೂಡ ಮುಗಿಯದೆ, ಕಣ್ಣೂ ಮುಚ್ಚದೆ, ಎದುರಿಗಿದ್ದವರೊಬ್ಬರ ಜೊತೆ ಆಡುವಂತೆ ಹೇಳಿದರು: "ಯಪ್ಪಾ, ಕ್ಯಾಂಪಿನವರ ನೆಲ್ಲು ಒಣಗಲಿ. ನನ್ನ ಪಾಲಿನ ಮಳಿ ತಡಿ. ಈ ಹುಡುಗಿಗೆ ಆಕಿ ಕೇಳಿದ್ದು ಕೊಡು. ಆಮೆನ್." ಅಷ್ಟೇ. ಕೂತುಬಿಟ್ಟರು.

ನಾನು ಇಷ್ಟು ವರ್ಷ ಮಾಡಿದ ಪ್ರಾರ್ಥನೆಗಳೆಲ್ಲ ಒಟ್ಟಿಗೆ ನೆನಪಾದವು. ಅವುಗಳಲ್ಲಿ ನನ್ನದೆನ್ನುವ ಏನನ್ನೂ ನಾನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಆ ವಾರವಿಡೀ ಮೋಡ ಕವಿದೇ ಇತ್ತು, ಹನಿ ಬೀಳಲಿಲ್ಲ. ಮುಂದಿನ ಭಾನುವಾರ ಕ್ಯಾಂಪಿಗೆ ಹೋದೆ. ರಸ್ತೆ ಮೇಲಿನ ಭತ್ತ ಒಣಗಿ ಚೀಲ ಸೇರಿತ್ತು. ಜನ ಹಗುರಾಗಿದ್ದರು. ಹಿರಿಯರು ಎದ್ದು, "ಅಯ್ಯನೋರ ಪ್ರಾರ್ಥನಾ ಫಲಿಸ್ತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಇನ್ನೊಂದು ಸಂದರ್ಭದಲ್ಲಾಗಿದ್ದರೆ ನಾನು ತಲೆ ತಗ್ಗಿಸಿ, ವಿನಯದ ಮುಖ ಮಾಡಿ, ಒಳಗೊಳಗೇ ಉಬ್ಬುತ್ತಿದ್ದೆ. ಅಂದು ಹಾಗೆ ನಿಲ್ಲಲಾಗಲಿಲ್ಲ. ಸಂತೆಕಲ್ಲೂರಿನ ಅಂಗಳದಲ್ಲಿ ನಡೆದದ್ದನ್ನು ಮೊದಲಿನಿಂದ ಹೇಳಿದೆ. ನನ್ನ ನಾಲಿಗೆ ನಿಂತದ್ದು, ಉಪವಾಸವಿದ್ದ ಹೆಣ್ಣುಮಗಳ ಸಿಟ್ಟು, ದೊಡ್ಡವ್ವ ಆಡಿದ ನಾಲ್ಕು ಮಾತು.

ಹಿರಿಯರು ನೆಲ ನೋಡುತ್ತ ಕೂತಿದ್ದರು. ಅವರಿಗೆ ಸಿಟ್ಟು ಬಂದಿರಬೇಕು ಎನಿಸಿತು. ಆಮೇಲೆ ತಲೆ ಎತ್ತಿ ಕೇಳಿದರು: "ಅವರು ನಮ್ಮನ್ನ ನೋಡ್ಯಾರೇನ್ರೀ?"

"ಇಲ್ರೀ. ಹರೇದಾಗ ಈ ಕಡೆ ನಾಟಿಗೆ ಬಂದಿದ್ರಂತ, ಅಷ್ಟ."

"ಅಯ್ಯೋ ದೇವುಡಾ," ಎಂದರು. "ಹಂಗಾರ ಈಗ ಅವರಿಗೆ ಮಳಿ ಬರಲಿ ಅಂತ ನಾವು ಬೇಡಬೇಕು. ಮಾಡ್ರಿ ಪ್ರಾರ್ಥನಾ" ಎಂದರು.

ಆಗ ಹಿಂದಿನಿಂದ ಒಬ್ಬ ಹೆಂಗಸು ಹೇಳಿದಳು: "ಕಾಲುವಿ ದಂಡಿ ಮ್ಯಾಲೆ ಒಬ್ಬರದು ಇನ್ನೂ ಹೊಲದಾಗ ಬಿದ್ದೈತ್ರೀ."

ಅದು ಪಾಲಿಗೆ ಹೊಲ ಮಾಡುವ ಒಬ್ಬ ಬಡವನ ಭತ್ತ. ಅವನು ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ. ತುಂಡು ಹೊಲಕ್ಕೆ ಮಷೀನು ಇಳಿಯದೆ, ಹೆಂಡತಿ ಮತ್ತು ಅತ್ತೆ ಕೈಯಿಂದಲೇ ಕೊಯ್ದು ಅಲ್ಲೇ ಬಿಟ್ಟಿದ್ದರು.

"ಅವರು ನಮ್ಮ ಸಭಾದವರಲ್ಲಲ್ಲ" ಎಂದು ಒಬ್ಬರು ಅಂದರು.

ಹಿರಿಯರು ಎದ್ದು ನಿಂತರು. "ಮಳಿ ಸಭಾ ಕೇಳಿ ಬೀಳತೈತೇನು? ಅವರದು ನೆಲದ ಮ್ಯಾಲ ಇರೋತನಕ ನಾವು ಹೆಂಗ ಮಳಿ ಬೇಡೋದು? ನಡ್ರಿ. ಮೊದಲು ಅದನ್ನ ಎತ್ತಿ, ಆಮ್ಯಾಲ ಪ್ರಾರ್ಥನಾ."

ಕೂಟ ಅಲ್ಲಿಗೇ ನಿಂತಿತು. ಭಾನುವಾರದ ಬಿಳಿ ಅಂಗಿಗಳಲ್ಲೇ, ಇಸ್ತ್ರಿ ಸೀರೆಗಳಲ್ಲೇ ನಲವತ್ತು ಜನ ಕಾಲುವೆ ದಂಡೆಯ ಮೇಲೆ ನಡೆದೆವು. ಹೊಲದಲ್ಲಿದ್ದ ಆ ಇಬ್ಬರು ಹೆಂಗಸರು ನಮ್ಮನ್ನು ಕಂಡು ಹೆದರಿ ಎದ್ದು ನಿಂತರು; ಏನೋ ಜಗಳಕ್ಕೆ ಬಂದಿದ್ದಾರೆ ಅಂದುಕೊಂಡಿರಬೇಕು. ಹಿರಿಯರು ಚಪ್ಪಲಿ ಬಿಟ್ಟು ಕೆಸರಿಗೆ ಇಳಿದು ಮೊದಲ ಹೊರೆಯನ್ನು ತಲೆಗೆ ಎತ್ತಿಕೊಂಡರು. ಅವರು ಹೊರೆ ಹೊತ್ತು ಎಷ್ಟು ವರ್ಷವಾಗಿತ್ತೋ. ಕುತ್ತಿಗೆ ನಡುಗುತ್ತಿತ್ತು. ಹೊರೆಯಿಂದ ಕೆಸರುನೀರು ಅವರ ಅಂಗಿಯ ಮೇಲೆ ಇಳಿಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಶಾಮಿಯಾನ ಬಾಡಿಗೆ ಕೊಡುವ ಸಾಬರೊಬ್ಬರು ಗಾಡಿ ನಿಲ್ಲಿಸಿ ವಿಷಯ ಕೇಳಿದರು. "ಮೊದಲ ಹೇಳಬಾರದೇನ್ರೀ?" ಎಂದು ಎರಡು ದೊಡ್ಡ ತಾಡಪತ್ರಿ ಇಳಿಸಿ, ತಾವೂ ತೋಳು ಮಡಚಿಕೊಂಡು ಹೊಲಕ್ಕೆ ಬಂದರು.

ಬಣವೆ ಒಟ್ಟಿ, ತಾಡಪತ್ರಿ ಹೊದಿಸಿ, ಹಗ್ಗ ಬಿಗಿಯುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಹೊಲದ ಬದುವಿನ ಮೇಲೆ, ಕೆಸರುಗಾಲಲ್ಲೇ ನಿಂತೆವು. ಪ್ರಾರ್ಥನೆ ಮಾಡಿ ಎಂದು ಎಲ್ಲರೂ ನನ್ನ ಮುಖ ನೋಡಿದರು. ನಾನು ಹೇಳಿದ್ದು ಒಂದೇ ಮಾತು: "ತಂದೆಯೇ, ಸಂತೆಕಲ್ಲೂರಿಗೆ ಮಳೆ ಕೊಡು." ಅದಕ್ಕಿಂತ ಉದ್ದದ್ದು ಏನೂ ಹೊಳೆಯಲಿಲ್ಲ. ಕಾಲು ಮುರಿದವನ ಅತ್ತೆ, ಯಾವತ್ತೂ ಕೂಟಕ್ಕೆ ಬರದವಳು, ಹಣೆಯ ಕುಂಕುಮದ ಕೆಳಗೆ ಕೈ ಜೋಡಿಸಿ, "ಕೊಡಪ್ಪ, ಕೊಡು" ಎಂದಳು.

ಹೊತ್ತಾಗಿ ಆ ಸಂಜೆ ಸಂತೆಕಲ್ಲೂರಿಗೆ ಹೋಗಲಾಗಲಿಲ್ಲ. ಗುರುವಾರ ಮಧ್ಯಾಹ್ನ ಮಳೆ ಬಂತು. ಮಸ್ಕಿಯಲ್ಲಿ ನನ್ನ ಅಂಗಡಿಯ ಮುಂದೆ ನೀರು ಹರಿಯಿತು. ಮೋಟಾರು ಬಿಟ್ಟು ಬಾಗಿಲಲ್ಲಿ ನಿಂತು ನೋಡಿದೆ. ಸಂತೆಕಲ್ಲೂರಿಗೆ ಫೋನ್ ಮಾಡಿದೆ. "ಹೊಡ್ಯಾಕತ್ತೈತ್ರೀ ಅಯ್ಯನೋರ, ಕಿವಿ ಕೇಳವಲ್ದು" ಎಂದು ಆ ಕಡೆಯಿಂದ ಕೂಗಿದರು. ಒಂದು ತಾಸು ಸುರಿಯಿತಂತೆ.

ಭಾನುವಾರ ಸಂಜೆ ಅಲ್ಲಿಗೆ ಹೋದಾಗ ಜೋಳ ಗರಿ ಬಿಚ್ಚಿ ನಿಂತಿತ್ತು. ಸಿಟ್ಟಾಗಿದ್ದ ಆ ಹೆಣ್ಣುಮಗಳು ದಾರಿಯಲ್ಲೇ ಸಿಕ್ಕಳು. ಅವಳ ಮುಖದಲ್ಲಿ ಸಂತೋಷ ಕಾಣುತ್ತದೆ ಅಂದುಕೊಂಡರೆ, ಏನೋ ಹೆದರಿಕೆ ಕಂಡಿತು.

"ಅಯ್ಯನೋರ, ದೊಡ್ಡವ್ವನ ಹೊಲ ನೋಡಿರೇನು?"

"ಇಲ್ಲ, ಯಾಕ?"

"ಬರ್ರಿ" ಎಂದು ಮುಂದೆ ನಡೆದಳು.

ಹಳ್ಳದ ಈಚೆ ಅವಳ ಹೊಲ. ಮಣ್ಣು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಅವಳ ಕೃಷಿ ಹೊಂಡದಲ್ಲಿ ಅರ್ಧಕ್ಕೆ ರಾಡಿ ನೀರು ನಿಂತಿತ್ತು. ಹಳ್ಳ ದಾಟಿದೆವು. ದೊಡ್ಡವ್ವನ ಎರಡು ಎಕರೆಯಲ್ಲಿ ಮಣ್ಣು ಒಣಗಿ ಬಿಳಿಚಿಕೊಂಡಿತ್ತು. ನಾಲ್ಕು ದಪ್ಪ ಹನಿ ಬಿದ್ದ ಗುರುತು, ಅಷ್ಟೇ. ಬಿರುಕುಗಳು ಹಾಗೇ ಇದ್ದವು.

ಮಳೆ ಎತ್ತಿನ ಒಂದು ಕೋಡಿಗೆ ಬಿದ್ದು ಇನ್ನೊಂದು ಕೋಡಿಗೆ ಬೀಳುವುದಿಲ್ಲ ಎಂದು ನಮ್ಮ ಕಡೆ ಹಳಬರು ಹೇಳುತ್ತಾರೆ. ಮಳೆಯ ಅಂಚು ಎಲ್ಲಾದರೂ ಒಂದು ಕಡೆ ಇರಲೇಬೇಕು, ಅದು ನನಗೂ ಗೊತ್ತು. ಆದರೆ ಆ ಸಂಜೆ, ಹಸಿ ಮಣ್ಣಿನಿಂದ ಒಣ ಮಣ್ಣಿಗೆ ಒಂದು ಹೆಜ್ಜೆ ಇಟ್ಟಾಗ ನನ್ನ ಮೈಮೇಲಿನ ಕೂದಲು ನಿಂತವು. 'ನನ್ನ ಪಾಲಿನ ಮಳಿ ತಡಿ, ಈ ಹುಡುಗಿಗೆ ಆಕಿ ಕೇಳಿದ್ದು ಕೊಡು' ಎಂದು ಆ ಹೆಂಗಸು ಹೇಳಿದ್ದನ್ನು ಯಾರೋ ಅಕ್ಷರ ಬಿಡದೆ ಕೇಳಿಸಿಕೊಂಡಿದ್ದರು. ಚಪ್ಪಲಿ ಹಾಕಿಕೊಂಡು ಅಲ್ಲಿ ನಿಲ್ಲಲು ನನಗೆ ಮನಸ್ಸಾಗಲಿಲ್ಲ. ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ.

ದೊಡ್ಡವ್ವ ಅಲ್ಲೇ ಕಡಲೆಯಲ್ಲಿ ಕಸ ತೆಗೆಯುತ್ತ ಕೂತಿದ್ದರು. ಹೆಣ್ಣುಮಗಳು ಓಡಿ ಹೋಗಿ ಅವರ ಪಕ್ಕದಲ್ಲಿ ಕೂತು ಅಳತೊಡಗಿದಳು. "ನಾನ ನಿನ್ನ ಮಳಿ ಕಸಗೊಂಡೆ ದೊಡ್ಡವ್ವ" ಎಂದಳು.

"ಹುಚ್ಚಿ, ಯಾರು ಕಸಗೊಂಡ್ರು? ಕೇಳಿದ್ದು ಕೊಟ್ಟಾನ. ಕೊಟ್ಟಿದ್ದಕ್ಕ ಅಳ್ತಾರೇನು?" ಎಂದು ದೊಡ್ಡವ್ವ ನಕ್ಕರು. ನಗುತ್ತಲೇ ನನ್ನ ಕಡೆ ತಿರುಗಿ, "ಕ್ಯಾಂಪಿನವರದು ಒಣಗಿತಾ ತಮ್ಮಾ?" ಎಂದು ಕೇಳಿದರು.

"ಒಣಗಿತು" ಎಂದೆ.

ಆ ಹೆಣ್ಣುಮಗಳು ಕಣ್ಣೊರೆಸಿಕೊಂಡು ಎದ್ದಳು. ಹಳ್ಳದ ಈಚೆಯ ತನ್ನ ಹೊಂಡದ ಕಡೆ ಕೈ ತೋರಿಸಿ, "ಅಯ್ಯನೋರ, ಆ ನೀರು ಇಲ್ಲಿತನಕ ಏರಿಸಾಕ ಬರತೈತೇನು? ನಿಮಗ ಮೋಟಾರು ಗೊತ್ತಲ್ಲ" ಎಂದಳು.

ಇಷ್ಟು ಹೊತ್ತೂ ದೇವರ ಭಯದಲ್ಲಿ ಬೆಚ್ಚಿ ನಿಂತಿದ್ದವನಿಗೆ ನನ್ನ ಕೈಗೆ ಬರುವ ಕೆಲಸ ನೆನಪಾಗಿರಲೇ ಇಲ್ಲ. ಅಂಗಡಿಯಲ್ಲಿ ರಿಪೇರಿಯಾದ ಡೀಸೆಲ್ ಎಂಜಿನ್ ಒಂದಿತ್ತು. ಆದರೆ ಹಳ್ಳ ದಾಟಿಸುವಷ್ಟು ಉದ್ದದ ಪೈಪು ನನ್ನಲ್ಲಿರಲಿಲ್ಲ. ಕ್ಯಾಂಪಿನ ಹಿರಿಯರಿಗೆ ಫೋನ್ ಮಾಡಿದೆ. ಮಳೆ ಎಲ್ಲಿ ಬಂತು, ಎಲ್ಲಿ ನಿಂತಿತು ಎಂದು ಹೇಳಿದೆ. ಪೈಪು ಬೇಕು ಎಂದೆ. "ಮುಂಜಾನಿ ಬರ್ತೀನಿ" ಎಂದರು.

ಮರುದಿನ ಬೆಳಿಗ್ಗೆ ಅವರ ಟ್ರ್ಯಾಕ್ಟರ್ ಬಂತು. ಟ್ರೇಲರಿನ ತುಂಬ ಪೈಪು. ಕ್ಯಾಂಪಿನ ನಾಲ್ಕು ಜನ ಜೊತೆಗಿದ್ದರು. ಅಂದು ನಾನು ಅಂಗಡಿ ತೆರೆಯಲಿಲ್ಲ. ಪೈಪು ಜೋಡಿಸಿ, ಸೋರುವ ಕಡೆ ಸೈಕಲ್ ಟ್ಯೂಬು ಬಿಗಿದು, ಎಂಜಿನ್ ಚಾಲೂ ಮಾಡಿದೆವು. ಹೊಂಡದ ರಾಡಿ ನೀರು ಹಳ್ಳ ದಾಟಿ ದೊಡ್ಡವ್ವನ ಹೊಲದ ಬಿರುಕುಗಳಿಗೆ ಇಳಿಯಿತು. ನೀರು ಕುಡಿಯುವಾಗ ಕರಿ ಮಣ್ಣು ಸಣ್ಣಗೆ ಸದ್ದು ಮಾಡುತ್ತದೆ. ಹತ್ತಿರ ಕೂತರೆ ಕೇಳಿಸುತ್ತದೆ. ನಾವೆಲ್ಲ ಕೂತು ಕೇಳಿದೆವು. ಒಂದೂವರೆ ಎಕರೆ ತೊಯ್ಯುವಷ್ಟರಲ್ಲಿ ಹೊಂಡ ಬರಿದಾಯಿತು. ಕೊನೆಯ ಅರ್ಧ ಎಕರೆ ಒಣಗಿಯೇ ಉಳಿಯಿತು. ಹೆಣ್ಣುಮಗಳು ಬರಿದಾದ ತನ್ನ ಹೊಂಡವನ್ನು ನೋಡಿ, ದೊಡ್ಡವ್ವನ ಹೊಲವನ್ನು ನೋಡಿ, ಪೈಪಿನ ತುದಿ ಬಿಚ್ಚತೊಡಗಿದಳು. ದೊಡ್ಡವ್ವ ಎಲ್ಲರಿಗೂ ರೊಟ್ಟಿ, ಪುಂಡಿ ಪಲ್ಲೆ ಕೊಟ್ಟರು. ಹಿರಿಯರು ಯಾರ ಮುಖವನ್ನೂ ನೋಡದೆ ಉಂಡು, ಟ್ರ್ಯಾಕ್ಟರ್ ಹತ್ತಿ ಹೊರಟುಹೋದರು.

ಹಿರಿಯರೂ ದೊಡ್ಡವ್ವನೂ ಸರಿಯಾಗಿ ಮಾತಾಡಿದ್ದು ಜನವರಿಯಲ್ಲಿ, ಲಿಂಗಸುಗೂರಿನಲ್ಲಿ. ಪ್ರತಿ ವರ್ಷ ಸುಗ್ಗಿಯ ಸ್ತೋತ್ರಕ್ಕೆ ಸುತ್ತಲಿನ ಕೂಟಗಳೆಲ್ಲ ಅಲ್ಲಿಯ ದೊಡ್ಡ ದೇವಾಲಯದಲ್ಲಿ ಸೇರುತ್ತವೆ. ಮುದಗಲ್ ಕಡೆಯವರು ಬಸ್ಸಿಗೆ ಬಂದಿದ್ದರು, ಕ್ಯಾಂಪಿನವರು ಟ್ರ್ಯಾಕ್ಟರಿನಲ್ಲಿ. ಪೀಠದ ಮುಂದೆ ಭತ್ತದ ಚೀಲಗಳು, ಜೋಳದ ತೆನೆಗಳು, ಕುಂಬಳಕಾಯಿ, ಕೋಳಿ. ಆರಾಧನೆ ಮುಗಿದು ಊಟವಾದ ಮೇಲೆ ಬೇವಿನ ನೆರಳಲ್ಲಿ ಕೂತಿದ್ದ ದೊಡ್ಡವ್ವನ ಮುಂದೆ ಹಿರಿಯರು ಬಂದು ನೆಲದ ಮೇಲೇ ಕೂತರು. ನಾನು ಪಕ್ಕದಲ್ಲಿದ್ದೆ.

"ಅಮ್ಮಾ, ಒಂದು ಮಾತು ಕೇಳಬೇಕಿತ್ರೀ," ಎಂದರು. "ನಾವು ಯಾರೋ, ಏನೋ. ನಮ್ಮ ಸಲುವಾಗಿ ಹಂಗ ಬೇಡಾಕ ಮನಸ್ಸು ಹೆಂಗ ಬಂತ್ರೀ?"

ದೊಡ್ಡವ್ವ ಸೆರಗು ಸರಿಮಾಡಿಕೊಂಡರು. "ಖರೇ ಹೇಳ್ಲೇನಪ್ಪಾ? ಅವತ್ತು ಮನಸ್ಸು ಬಂದಿರಲಿಲ್ಲ. ಬಾಯಿ ಮೊದಲು ಹೋತು. ಎಲ್ಲಾರ ಮುಂದ ಅಂದುಬಿಟ್ಟಿದ್ದೆ. ಮನಿಗೆ ಹೋಗಿ ನನ್ನನ್ನ ನಾನು ಬೈಕೊಂಡೆ. ಮುಂಜಾನಿ ಎದ್ದ ಕೂಡಲೆ ಮೋಡ ನೋಡೋದು, ಬಾರೋ ಬಾ ಅನ್ನೋದು. ಆಮ್ಯಾಲ ನೆನಪಾಗಿ, ಬ್ಯಾಡಪ್ಪ, ಅವರದು ಒಣಗಲಿ ಅನ್ನೋದು. ಹಿಂಗ ಮೂರು ದಿನ. ನಾಲ್ಕನೇ ದಿನ ನೋಡ್ತೀನಿ, ಮನಸ್ಸೂ ಬಾಯಿ ಹಿಂದ ಬಂದು ನಿಂತಿತ್ತು."

ಹಿರಿಯರ ಕಣ್ಣು ತುಂಬಿತು. ನಾನು ತಲೆ ಬಗ್ಗಿಸಿದೆ. ನನ್ನ ಬಾಯಿ ಎಷ್ಟೋ ವರ್ಷ ಮುಂದೆ ಮುಂದೆ ಓಡಿತ್ತು. ಮನಸ್ಸು ಬಂತೋ ಇಲ್ಲವೋ ಎಂದು ನಾನು ಒಮ್ಮೆಯೂ ಹಿಂದಿರುಗಿ ನೋಡಿರಲಿಲ್ಲ. ಈ ಹೆಂಗಸು ಮೂರು ದಿನ ನಿಂತು ಕಾದಿದ್ದರು.

"ನಿಮಗೋಸ್ಕರ ನಾನೂ ದಿನಾ ಬೇಡ್ಬೇಕಂತ ಮಾಡೀನಿ," ಎಂದರು ಹಿರಿಯರು. "ಏನು ಬೇಡ್ಲಿ, ಹೇಳ್ರಿ."

ಆಚೆ ಹೆಂಗಸರ ಗುಂಪಿನಲ್ಲಿ ಆ ಹೆಣ್ಣುಮಗಳು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ದೊಡ್ಡವ್ವನ ಕಣ್ಣು ಅಲ್ಲಿ ಹೋಗಿ ನಿಂತಿತು.

"ಆಕಿಗೆ ಐದು ತಿಂಗಳು ತುಂಬ್ಯಾವು. ಚೊಚ್ಚಲು. ಸುಸೂತ್ರ ಆಗ್ಲಿ ಅಂತ ಬೇಡ್ರಿ."

"ನಿಮಗ ಅಂತ ಕೇಳಿದ್ನಿ ಅಮ್ಮಾ."

"ನನಗ ಅಂತನ ಹೇಳಿದ್ನಲ್ಲಪ್ಪ" ಎಂದರು ಅವರು.

ಹಿರಿಯರು ಅಲ್ಲೇ, ಬೇವಿನ ಕೆಳಗೆ, ಕಣ್ಣು ಮುಚ್ಚಿದರು. ಅವರಿಗೆ ಕನ್ನಡದಲ್ಲಿ ಪ್ರಾರ್ಥನೆ ಮಾಡಿ ರೂಢಿಯಿಲ್ಲ. ಅರ್ಧ ತೆಲುಗು, ಅರ್ಧ ಕನ್ನಡ, ನಡುನಡುವೆ ತಡವರಿಸುವುದು. ಹೆಸರೂ ಗೊತ್ತಿಲ್ಲದ ಒಂದು ಹೆಣ್ಣುಮಗಳ ಹೊಟ್ಟೆಯ ಕೂಸಿಗಾಗಿ ಬೇಡುವಾಗ ಆ ದೊಡ್ಡ ಮನುಷ್ಯನ ದನಿ ಸಣ್ಣ ಮಗುವಿನದಾಗಿತ್ತು. ನಾನು ಕಣ್ಣು ಮುಚ್ಚಲಿಲ್ಲ. ಇಬ್ಬರನ್ನೂ ನೋಡುತ್ತ ಕೂತಿದ್ದೆ.

ಏಪ್ರಿಲ್ ಕೊನೆಗೆ ಒಂದು ಬೆಳಿಗ್ಗೆ ಅಂಗಡಿಗೆ ಫೋನ್ ಬಂತು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು. ಕ್ಯಾಂಪಿಗೆ ನಾನೇ ಸುದ್ದಿ ಮುಟ್ಟಿಸಿದೆ. ಹಿರಿಯರು ಕಾಲುವೆಯ ಮೇಲಿದ್ದರು. "ಹೌದಾ?" ಎಂದು ಕೂಗಿದ್ದು ಕೇಳಿಸಿತು. ಆಮೇಲೆ ಫೋನಿನಲ್ಲಿ ಹರಿಯುವ ನೀರಿನ ಸದ್ದು ಮಾತ್ರ ಬಹಳ ಹೊತ್ತು ಕೇಳುತ್ತಿತ್ತು.